ತಿರುಗಿ ಬಂದ ಸೋರೆಬುರುಡೆ

ಬಹಳ ಹಿಂದೆ, ಮೋಡಗಳಿಗೆ ಇನ್ನೂ ದಾರಿ ಸರಿಯಾಗಿ ಗೊತ್ತಿಲ್ಲದೆ ಬಂಡೆಗಳಿಗೆ ಡಿಕ್ಕಿ ಹೊಡೆಯುತ್ತಿದ್ದ ಕಾಲದಲ್ಲಿ, ಮೂಗುಬಂಡೆ ಅಂತ ಒಂದು ಊರಿತ್ತು. ಆ ಊರಲ್ಲಿ ಬಾಣದ ಕ್ಯಾತಯ್ಯ ಅಂತ ಒಬ್ಬ ಇದ್ದನಂತೆ. ಇದ್ದನಂತೆ ಅಂತ ಬೇರೆಯವರು ಹೇಳುತ್ತಾರೆ. ನನಗೆ ಅಂತೆಗಿಂತೆ ಬೇಕಾಗಿಲ್ಲ. ನಮ್ಮ ಮುತ್ತಜ್ಜನ ಮುತ್ತಜ್ಜ ಅವನ ಪಕ್ಕದಲ್ಲೇ ನಿಂತು ಮದ್ದಿನ ಹೊಗೆ ಕುಡಿದವನು. ಆ ಹೊಗೆಯ ಕೆಮ್ಮು ನಮ್ಮ ಮನೆತನದಲ್ಲಿ ಇವತ್ತಿಗೂ ಇದೆ. ಬೇಕಾದರೆ ಕೆಮ್ಮಿ ತೋರಿಸುತ್ತೇನೆ.

ಕ್ಯಾತಯ್ಯನ ಕಸುಬು ಬಾಣ ಕಟ್ಟುವುದು. ಬಿಲ್ಲಿಗೆ ಹೂಡುವ ಬಾಣ ಅಲ್ಲ, ಮದ್ದಿನ ಬಾಣ. ಬಿದಿರಿನ ಕೊಳವೆಗೆ ಎಕ್ಕದ ಇದ್ದಿಲು, ಗಂಧಕ, ಪೆಟ್ಲುಪ್ಪು ಅರೆದು ತುಂಬಿ, ಉದ್ದನೆಯ ಕೋಲಿಗೆ ಬಿಗಿದು, ಬತ್ತಿಗೆ ಕಿಡಿ ತಾಗಿಸಿದರೆ ಸುಯ್ ಅಂತ ಆಕಾಶಕ್ಕೆ ಹೋಗುವ ಬಾಣ. ಅವನು ಮದ್ದು ಅರೆಯುವಾಗ ಸೀನಿದರೆ ಮೀಸೆಗೆ ಬೆಂಕಿ ಹತ್ತುತ್ತಿತ್ತಂತೆ. ಅದಕ್ಕೇ ಅವನ ಮೀಸೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಮಳೆಯಲ್ಲಿ ನೆಂದ ಮದ್ದನ್ನು ಬರೀ ಬೈದೇ ಒಣಗಿಸುತ್ತಿದ್ದನಂತೆ. ಇದನ್ನು ನಂಬದವರು ಎದ್ದು ಹೋಗಬಹುದು, ನಂಬುವವರಿಗೆ ಜಾಗ ಸಿಗುತ್ತದೆ.

ಮೂಗುಬಂಡೆ ಮೂಡಲಲ್ಲಿ. ಪಡುವಲಲ್ಲಿ ತೊರೆಹಟ್ಟಿ ಅಂತ ಇನ್ನೊಂದು ಊರು. ನಡುವೆ ದೊಡ್ಡ ಕಾವಲು, ಅಂದರೆ ಹುಲ್ಲುಗಾವಲು. ಎರಡೂ ಕುರಿ ಕಾಯುವವರ ಊರು. ಹುಲ್ಲು ಯಾರಿಗೆ ಎಷ್ಟು ಅಂತ ಜಗಳ ಬಂದು, ತಲೆ ಒಡೆದು ಒಡೆದು ಸಾಕಾಗಿ, ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಕಾವಲಿನ ಮಧ್ಯದಲ್ಲಿ ಒಂದು ನಡುಗಲ್ಲು. ಮುಂಗಾರಿಗೆ ಮುಂಚೆ ಅಲ್ಲಿ ನಿಂತು ಒಂದು ಬಾಣ ಹಾರಿಸಬೇಕು. ಒಂದು ವರ್ಷ ಮೂಗುಬಂಡೆಯವರು ಪಡುವಲಿಗೆ ಹಾರಿಸಬೇಕು, ಮರುವರ್ಷ ತೊರೆಹಟ್ಟಿಯವರು ಮೂಡಲಿಗೆ. ಬಾಣ ಎಲ್ಲಿ ಬಿತ್ತೋ ಅಲ್ಲಿಗೆ ಆ ವರ್ಷದ ಎಲ್ಲೆ. ಎಲ್ಲೆಯಿಂದ ಮೂಡಲಿಗೆ ಮೂಗುಬಂಡೆ, ಪಡುವಲಿಗೆ ತೊರೆಹಟ್ಟಿ. ನಡುಗಲ್ಲನ್ನು ಮುಟ್ಟಿ ಆಡಿದ ಮಾತನ್ನು ಯಾರೂ ಹಿಂದಕ್ಕೆ ತಗೊಳ್ಳುವ ಹಾಗಿಲ್ಲ. ತಗೊಂಡವರ ನಾಲಿಗೆ ಹಲ್ಲಿಯ ಬಾಲದ ಹಾಗೆ ಕಳಚಿ ಬಿದ್ದು ಒದ್ದಾಡುತ್ತಿತ್ತಂತೆ.

ತೊರೆಹಟ್ಟಿಯಲ್ಲಿ ಬಾಣ ಕಟ್ಟುತ್ತಿದ್ದವನು ಸೂರಪ್ಪ. ಅವನದು ಭಾರಿ ಕೈ. ಕಳೆದ ಬಾರಿ ಕ್ಯಾತಯ್ಯನ ಸರದಿಯಲ್ಲಿ ಬಾಣ ಮೇಲೆದ್ದು, ಕುಡಿದವನ ಹಾಗೆ ತೂರಾಡಿ, ನಡುಗಲ್ಲಿನ ಬುಡದಲ್ಲೇ ಬಂದು ಬಿದ್ದಿತ್ತು. ಮರುವರ್ಷ ಸೂರಪ್ಪ ಹಾರಿಸಿದ ಬಾಣ ಮೂಗುಬಂಡೆಯ ಕಣದವರೆಗೆ ಬಂದು ರಾಗಿ ಮೆದೆಗೆ ನಾಟಿತು. ಅಲ್ಲಿಗೆ ನಮ್ಮವರಿಗೆ ಉಳಿದದ್ದು ಮನೆ, ಹಿತ್ತಲು, ಬಂಡೆ. ಕುರಿಗಳಿಗೆ ತಿನ್ನಲು ಮುಳ್ಳು. ಆ ವರ್ಷ ಕುರಿಗಳು ಎಷ್ಟು ಬಡವಾದವು ಅಂದರೆ ಗಾಳಿ ಬೀಸಿದಾಗ ಅವುಗಳನ್ನು ಗೂಟಕ್ಕೆ ಕಟ್ಟಬೇಕಾಗಿತ್ತಂತೆ. ಈದ ಕುರಿಗಳಿಗೆ ಹಾಲಿಲ್ಲ, ಮರಿಗಳು ನಿಂತಲ್ಲೇ ಮಲಗಿ ಏಳುತ್ತಿರಲಿಲ್ಲ. ಇದು ಮಾತ್ರ ಉತ್ಪ್ರೇಕ್ಷೆ ಅಲ್ಲ.

ನಮ್ಮೂರ ಯಜಮಾನ ಪಾಲಯ್ಯ ಊರವರನ್ನೆಲ್ಲ ಕೂರಿಸಿ, ಈ ಸಲವೂ ಬಾಣ ಕೈಕೊಟ್ಟರೆ ಊರು ಕಿತ್ತು ಬೇರೆ ಕಡೆ ಹೋಗಬೇಕು, ಬೇರೆ ದಾರಿ ಇಲ್ಲ ಅಂದನಂತೆ. ಆಮೇಲೆ ಕ್ಯಾತಯ್ಯನ ಕಡೆ ತಿರುಗಿ, "ಹೋಗೋವಾಗ ನಿನ್ನ ಮಾತ್ರ ಕರ್ಕೊಂಡು ಹೋಗಲ್ಲ ಕಣೋ. ನೀನು ಇಲ್ಲೇ ಬಿದ್ದಿರು, ನಿನ್ನ ಬಾಣದ ಥರ" ಅಂದನಂತೆ.

ಕ್ಯಾತಯ್ಯನಿಗೆ ಅದು ನಾಟಿತು. ಮನೆಗೆ ಬಂದು ಯೋಚನೆ ಮಾಡಿದ. ಮದ್ದು ಹೆಚ್ಚು ಹಾಕಿದರೆ ಕೊಳವೆ ಸಿಡಿಯುತ್ತದೆ. ಕಡಿಮೆ ಹಾಕಿದರೆ ದೂರ ಹೋಗುವುದಿಲ್ಲ. ಎಷ್ಟು ಎತ್ತರ ಹೋದರೂ ಮದ್ದು ಮುಗಿದ ಮೇಲೆ ಬಾಣ ಕಲ್ಲಿನ ಹಾಗೆ ಬೀಳುತ್ತದೆ. ಬೀಳುವಾಗ ಬೀಳದೆ ತೇಲಿಕೊಂಡು ಹೋದರೆ? ಹದ್ದಿನ ಹಾಗೆ?

ಹದ್ದಿಗೆ ರೆಕ್ಕೆ ಇದೆ, ಬಾಣಕ್ಕೂ ಕಟ್ಟೋಣ ಅಂತ ಬಿದಿರಿನ ಸೀಳಿಗೆ ಬಟ್ಟೆ ಹೊಲಿದು ರೆಕ್ಕೆ ಮಾಡಿದ. ಬಾಣ ಹಾರಿತು, ರೆಕ್ಕೆ ಇಲ್ಲೇ ಉಳಿಯಿತು. ಗಟ್ಟಿ ರೆಕ್ಕೆ ಮಾಡಿದ. ಈ ಸಲ ರೆಕ್ಕೆ ಹಾರಿತು, ಬಾಣ ಇಲ್ಲೇ ಉಳಿಯಿತು. ಚರ್ಮದ ರೆಕ್ಕೆ ಮಾಡಿದ. ಅದು ಗಾಳಿಗೆ ಸಿಕ್ಕಿ ಬಾಣವನ್ನೇ ತಿರುಗಿಸಿ ಪಾಲಯ್ಯನ ಮನೆ ಸೂರಿಗೆ ಬೆಂಕಿ ಇಟ್ಟಿತು. ಪಾಲಯ್ಯ ಏನಂದ ಅಂತ ಇಲ್ಲಿ ಹೇಳುವ ಹಾಗಿಲ್ಲ, ಹೆಣ್ಣುಮಕ್ಕಳೂ ಕೂತಿದ್ದಾರೆ.

ಕ್ಯಾತಯ್ಯನ ಹೆಂಡತಿ ತಿಪ್ಪಕ್ಕ. ಅವಳು ಕುರಿ ಮೇಯಿಸುವವಳು. ಗಂಡ ರೆಕ್ಕೆ ಕಟ್ಟುತ್ತಾ ಕೂತಿದ್ದರೆ ಅವಳು ಮೂಗುಬಂಡೆಯ ನೆತ್ತಿ ಹತ್ತಿ ಒಣಗಿದ ಕುರುಚಲು ಹುಡುಕಿ ಕುರಿಗಳಿಗೆ ತಿನ್ನಿಸುತ್ತಿದ್ದಳು. ಒಂದು ದಿನ ಮಧ್ಯಾಹ್ನ ಅವಳ ನೀರಿನ ಸೋರೆಬುರುಡೆ ಬಂಡೆಗೆ ಬಡಿದು ಉದ್ದಕ್ಕೆ ಎರಡು ಹೋಳಾಯಿತು. ಅದೇ ಹೊತ್ತಿಗೆ ಕೆಳಗೆ ಕ್ಯಾತಯ್ಯ ಇನ್ನೊಂದು ರೆಕ್ಕೆ ಹಿಡಿದುಕೊಂಡು ನಿಂತು, "ಏ ತಿಪ್ಪೀ, ನಿನ್ನ ಹಳೇ ಸೀರೆ ಎಲ್ಲಿಟ್ಟಿದ್ದೀ?" ಅಂತ ಕೂಗಿದ.

ತಿಪ್ಪಕ್ಕನಿಗೆ ನೀರು ಹೋದ ಸಿಟ್ಟು, ಮರಿ ಸತ್ತ ಸಿಟ್ಟು, ಸೀರೆಯ ಸಿಟ್ಟು, ಎಲ್ಲ ಸೇರಿತು. ಬುರುಡೆಯ ಹೋಳನ್ನು ಎತ್ತಿ ಗಂಡನ ತಲೆಗೇ ಗುರಿಯಿಟ್ಟು ಎಸೆದಳು. ಕೈಜಾರಿ ಬಿತ್ತು ಅಂತ ತೊರೆಹಟ್ಟಿಯವರು ಹೇಳುತ್ತಾರೆ. ಸುಳ್ಳು. ಎಸೆದದ್ದೇ. ತಿಪ್ಪಕ್ಕನ ಗುರಿ ತಪ್ಪಿದ್ದು ಅವಳ ಜನ್ಮದಲ್ಲಿ ಅದೊಂದೇ ಸಲ. ಯಾಕೆ ತಪ್ಪಿತು ಅಂದರೆ, ಬುರುಡೆ ಬೀಳಲಿಲ್ಲ. ಕ್ಯಾತಯ್ಯನ ತಲೆಯ ಮೇಲೆ ಬಂದು, ಬೀಳಲೋ ಬೇಡವೋ ಅಂತ ಕೇಳುವ ಹಾಗೆ ಒಂದು ಗಳಿಗೆ ತೂಗಿ, ಹಾಗೇ ಜಾರಿಕೊಂಡು, ಕಣ ದಾಟಿ, ಬೇಲಿ ದಾಟಿ, ಹುಣಸೆ ಮರ ದಾಟಿ ಮೆತ್ತಗೆ ಕೂತುಕೊಂಡಿತು. ಚೂಪು ಕತ್ತು ಮುಂದೆ, ದಪ್ಪ ಹೊಟ್ಟೆ ಹಿಂದೆ. ರೆಕ್ಕೆ ಇಲ್ಲ, ಪುಕ್ಕ ಇಲ್ಲ, ಏನೂ ಇಲ್ಲ.

ಕ್ಯಾತಯ್ಯ ಅದನ್ನು ನೋಡಿ ಬಾಯಿ ತೆರೆದವನು ಮುಚ್ಚಲಿಲ್ಲವಂತೆ. ಸಂಜೆ ಕುರಿ ಮಂದೆ ಬರುವವರೆಗೂ ಬಾಯಿ ತೆರೆದೇ ನಿಂತಿದ್ದನಂತೆ. ಮರುದಿನ ಅವನ ಕೆನ್ನೆಗೆ ಹರಳೆಣ್ಣೆ ತಿಕ್ಕಿ ಬಾಯಿ ಮುಚ್ಚಿಸಿದರಂತೆ.

ಅಲ್ಲಿಂದ ಶುರುವಾಯಿತು ಊರಿಗೆ ಊರೇ ತಲೆ ಕೆಟ್ಟದ್ದು. ರೆಕ್ಕೆ ಇಲ್ಲದ್ದು ಹೇಗೆ ತೇಲುತ್ತದೆ? ಒಬ್ಬರು ಅಂದರು, ಅದರ ಹೊಟ್ಟೆಯೇ ಅದಕ್ಕೆ ರೆಕ್ಕೆ. ಇನ್ನೊಬ್ಬರು, ಹಾಗಾದರೆ ಪಾಲಯ್ಯನೂ ಹಾರಬೇಕಲ್ಲ ಅಂದರು. ಕ್ಯಾತಯ್ಯನನ್ನು ಕೇಳಿದರೆ ಅವನು ತಲೆ ಕೆರೆದು, ಗಾಳಿ ಅದರ ಅಡಿ ಸಿಕ್ಕಿಕೊಂಡು ಈಚೆ ಬರಲಾರದೆ ಎತ್ತುತ್ತೆ ಅಂತ ಕಾಣುತ್ತೆ, ಇಲ್ಲಾ ಮೇಲಿನ ಗಾಳಿ ಎಳೆಯುತ್ತೆ, ಇಲ್ಲಾ ಎರಡೂ ಅಲ್ಲ ಅಂದನಂತೆ. ಅವನಿಗೂ ಗೊತ್ತಿರಲಿಲ್ಲ. ಬುರುಡೆಗೂ ಗೊತ್ತಿರಲಿಲ್ಲ. ಆದರೂ ತೇಲುತ್ತಿತ್ತು.

ಇನ್ನೊಂದು ಗೊಂದಲ. ಬುರುಡೆಯ ಹೋಳು ಬೋರಲಾಗಿ ಹಾರಬೇಕೋ ಅಂಗಾತ ಹಾರಬೇಕೋ? ಉಬ್ಬು ಮೇಲಕ್ಕೋ ಕೆಳಕ್ಕೋ? ತಿಪ್ಪಕ್ಕ ಎಸೆದಾಗ ಯಾವುದು ಮೇಲಿತ್ತು ಅಂತ ಯಾರೂ ನೋಡಿರಲಿಲ್ಲ, ತಿಪ್ಪಕ್ಕನೂ ನೋಡಿರಲಿಲ್ಲ. ಊರು ಎರಡು ಪಾಲಾಯಿತು. ಬೋರಲಿನವರ ಮನೆಗೆ ಅಂಗಾತದವರು ಬೆಂಕಿ ಕೇಳಲೂ ಹೋಗುತ್ತಿರಲಿಲ್ಲವಂತೆ. ಕ್ಯಾತಯ್ಯ ಎರಡು ಥರವೂ ಮಾಡಿ ಬಂಡೆಯ ಮೇಲಿಂದ ಬಿಟ್ಟು ನೋಡಿದ. ಬೋರಲೂ ತೇಲಿತು, ಅಂಗಾತವೂ ತೇಲಿತು. ಊರವರಿಗೆ ಇನ್ನೂ ಸಿಟ್ಟು ಬಂತು. ಯಾರಾದರೂ ಒಬ್ಬರು ಸೋಲಬೇಕಿತ್ತಲ್ಲ!

ಕ್ಯಾತಯ್ಯ ಅಂಗಾತದ್ದನ್ನೇ ಹಿಡಿದ. ಹಿತ್ತಲಲ್ಲಿ ಬೆಳೆದ ಉದ್ದ ಸೋರೆಯನ್ನು ಒಣಗಿಸಿ, ಉದ್ದಕ್ಕೆ ಸೀಳಿ, ತಮಟೆಗೆ ಮುಚ್ಚುವ ಹಾಗೆ ಅದರ ಬಾಯಿಗೆ ತೆಳ್ಳನೆಯ ಮರಿ ತೊಗಲು ಬಿಗಿದ. ಮೊದಲನೆಯದು ಬಂಡೆಯಿಂದ ಬಿಟ್ಟೊಡನೆ ಪಕ್ಕಕ್ಕೆ ಹೊರಳಿ ಪಲ್ಟಿ ಹೊಡೆಯಿತು. ಹಿಂಭಾಗದಲ್ಲಿ ಎರಡು ಬಿದಿರು ಚೂರು ನೆಟ್ಟ, ಆಡಿನ ಕಿವಿಯ ಹಾಗೆ ನಿಮಿರಿಸಿ. ಹೊರಳುವುದು ನಿಂತಿತು. ಆಗ ಮೂಗೆತ್ತಿ ಎತ್ತಿ ಹಿಂದಕ್ಕೆ ಬೀಳತೊಡಗಿತು. ಕತ್ತಿನೊಳಗೆ ಜೇಡಿಮಣ್ಣಿನ ಉಂಡೆ ಇಟ್ಟ. ಈಗ ಮೂಗು ತಗ್ಗಿಸಿ ನೆಲಕ್ಕೆ ಗುದ್ದಿತು. ಉಂಡೆಯಿಂದ ಒಂದು ಚಿಟಿಕೆ ಮಣ್ಣು ತೆಗೆದ. ಮತ್ತೆ ಬಿಟ್ಟ. ಮತ್ತೆ ಒಂದು ಚಿಟಿಕೆ ಹಾಕಿದ. ಬೆರಳ ತುದಿಯ ಮೇಲೆ ಬುರುಡೆ ಇಟ್ಟು ಅತ್ತ ಬೀಳುತ್ತದೋ ಇತ್ತ ಬೀಳುತ್ತದೋ ನೋಡುವುದೇ ಅವನ ಕೆಲಸವಾಯಿತು. ಉಣ್ಣುವಾಗ ರಾಗಿ ಮುದ್ದೆಯನ್ನೂ ಬೆರಳ ಮೇಲೆ ತೂಗುತ್ತಿದ್ದನಂತೆ. ಒಡೆದ ಬುರುಡೆಗಳ ರಾಶಿ ಎಷ್ಟಾಯಿತು ಅಂದರೆ ಆ ರಾಶಿ ಹತ್ತಿದರೆ ತೊರೆಹಟ್ಟಿಯಲ್ಲಿ ಯಾರ ಮನೆಯಲ್ಲಿ ಏನು ಸಾರು ಅಂತ ಕಾಣುತ್ತಿತ್ತಂತೆ.

ಕೊನೆಗೆ ಬುರುಡೆ ಬಂಡೆಯಿಂದ ಹೊರಟು ನೀರ ಮೇಲೆ ಜಾರಿದ ಹಾಗೆ ಹೋಯಿತು. ಆದರೆ ಅದಕ್ಕೆ ಬಾಣ ಕಟ್ಟಬೇಕಲ್ಲ. ಮದ್ದಿನ ಕೊಳವೆಯನ್ನು ಹಿಂಭಾಗದಲ್ಲಿ ತೂರಿಸಿದ. ಮೇಲೆ ಹೋಗುವುದೇನೋ ಹೋಯಿತು, ಮದ್ದು ಮುಗಿದ ಮೇಲೆ ಖಾಲಿ ಕೊಳವೆಯ ಭಾರಕ್ಕೆ ಹಿಂಭಾಗ ಜೋತು ಬಿದ್ದು, ಬುರುಡೆ ಬಾಲ ಕೆಳಗೆ ಮಾಡಿ ಬಂದು ಪುಡಿಯಾಯಿತು. ಆಗ ಅವನು ಕೊಳವೆಯನ್ನು ಸಡಿಲ ಮಾಡಿದ. ಮದ್ದು ಪೂರಾ ಉರಿದು ಕೊನೆಯಲ್ಲಿ ಒಂದು ಸಣ್ಣ ಪಟ್ ಅನ್ನುವಂತೆ ಮಾಡಿದ. ಆ ಪಟ್‌ಗೆ ಕೊಳವೆ ಹಿಂದಕ್ಕೆ ಕಳಚಿಕೊಂಡು ಬೀಳಬೇಕು, ಬುರುಡೆ ಹಗುರಾಗಿ ಮುಂದೆ ತೇಲಬೇಕು. ಹಾಗೇ ಆಯಿತು.

ಅಲ್ಲೇ ಅವನಿಗೆ ಇನ್ನೊಂದು ಯೋಚನೆ ಬಂತು. ಕೊಳವೆ ಒಂದು ಕಡೆ ಬೀಳುತ್ತದೆ, ಬುರುಡೆ ಇನ್ನೊಂದು ಕಡೆ ಇಳಿಯುತ್ತದೆ. ಎಲ್ಲೆ ಯಾವುದಕ್ಕೆ? ತೊರೆಹಟ್ಟಿಯವರು ಕೊಳವೆಯೇ ಬಾಣ ಅಂದುಬಿಟ್ಟರೆ ಪಟ್ಟ ಪಾಡೆಲ್ಲ ನೀರಿಗೆ ಹಾಕಿದ ಹಾಗೆ. ಹಾಗಾಗಿ ಬಾಣ ಬಿಡುವ ದಿನ, ಎರಡೂ ಊರು ನಡುಗಲ್ಲಿನ ಸುತ್ತ ಸೇರಿದಾಗ, ಅವನು ಮೊದಲು ಮಾತಿಗೆ ನಿಂತ.

ತೊರೆಹಟ್ಟಿಯವರು ಬುರುಡೆ ನೋಡಿ ಬಿದ್ದು ಬಿದ್ದು ನಕ್ಕರು. ಸೂರಪ್ಪ ಅದರ ಸುತ್ತ ಒಂದು ಸುತ್ತು ಹಾಕಿ, "ಏನ್ಲಾ ಕ್ಯಾತ, ಬಾಣ ಹಾರಿಸ್ತೀಯೋ, ಆಕಾಶದಲ್ಲಿ ಮಜ್ಜಿಗೆ ಕಡೀತೀಯೋ?" ಅಂದ.

"ನಿನ್ನ ಮನೆ ಮೇಲೆ ಹೋಗುವಾಗ ಒಂದು ಲೋಟ ಇಳಿಸ್ತೀನಿ, ಬಾಯಿ ತೆಗೆದುಕೊಂಡಿರು" ಅಂದ ಕ್ಯಾತಯ್ಯ.

ಆಮೇಲೆ ಅವನು ತೊರೆಹಟ್ಟಿಯ ಯಜಮಾನ ಓಬಳಯ್ಯನ ಮುಂದೆ ನಿಂತು ವಾದ ಹೂಡಿದ. ಗಾಡಿ ಎಲ್ಲಿಗೆ ಹೋಯಿತು ಅಂದರೆ ಗಾಡಿ ನಿಂತ ಜಾಗ ತೋರಿಸುತ್ತೇವೆ, ಎತ್ತು ಬಿಚ್ಚಿದ ಜಾಗ ಅಲ್ಲ. ಕೊಳವೆ ಬರೀ ಎತ್ತು. ಬುರುಡೆಯೇ ಬಾಣ. ಬುರುಡೆ ಎಲ್ಲಿ ನೆಲ ಮುಟ್ಟುತ್ತದೋ ಅಲ್ಲಿಗೇ ಎಲ್ಲೆ ಅಂತ ಕಲ್ಲು ಮುಟ್ಟಿ ಹೇಳಬೇಕು. ಓಬಳಯ್ಯನಿಗೆ ಇದರಲ್ಲಿ ಏನೋ ಮೋಸ ಇದೆ ಅನ್ನಿಸಿತಂತೆ, ಆದರೆ ಏನು ಅಂತ ಗೊತ್ತಾಗಲಿಲ್ಲ. ಮಜ್ಜಿಗೆ ಬುರುಡೆ ಎಷ್ಟು ದೂರ ಹೋದೀತು ಅಂತ ಸೂರಪ್ಪ ಕಿವಿಯಲ್ಲಿ ಹೇಳಿದ. ಓಬಳಯ್ಯ ಕಲ್ಲು ಮುಟ್ಟಿದ. ಪಾಲಯ್ಯನೂ ಮುಟ್ಟಿದ. ಕ್ಯಾತಯ್ಯ ಎರಡೂ ಕೈಯಿಂದ ಮುಟ್ಟಿದ.

ಬುರುಡೆಯನ್ನು ಬಿದಿರಿನ ಏಣಿಗೆ ಒರಗಿಸಿ, ಮೂಗನ್ನು ಪಡುವಲಿಗೆ ಮಾಡಿ, ಕ್ಯಾತಯ್ಯ ಬತ್ತಿಗೆ ಬೆಂಕಿ ಕೊಟ್ಟ. ನಮ್ಮ ಮುತ್ತಜ್ಜನ ಮುತ್ತಜ್ಜ ಹೊಗೆ ಕುಡಿದದ್ದು ಇಲ್ಲೇ. ಮೊದಲು ಬುಸ್ ಅಂತು. ಆಮೇಲೆ ಆಕಾಶ ಹರಿದ ಹಾಗೆ ಸದ್ದಾಯಿತು. ಹತ್ತಿರ ಇದ್ದ ಕುರಿಗಳ ಉಣ್ಣೆ ಕತ್ತರಿ ಇಲ್ಲದೆ ಉದುರಿತಂತೆ. ಬುರುಡೆ ಮೇಲೆ ಹೋಯಿತು, ಹೋಯಿತು, ಕಡಲೆಕಾಳಿನಷ್ಟಾಯಿತು, ಸಾಸಿವೆಯಷ್ಟಾಯಿತು. ಅಲ್ಲಿ ಪಟ್ ಅಂದದ್ದು ಇಲ್ಲಿಗೆ ಕೇಳಿಸಿತು. ಕೊಳವೆ ಕಳಚಿ, ತಿರುಗುತ್ತಾ ತಿರುಗುತ್ತಾ ಹೋಗಿ ತೊರೆಹಟ್ಟಿಯ ತೊರೆಯ ದಂಡೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಿತ್ತು. ಅಷ್ಟು ದೂರಕ್ಕೆ ಯಾರ ಬಾಣವೂ ಎಂದೂ ಹೋಗಿರಲಿಲ್ಲ.

ನಮ್ಮವರು ಕುಣಿದರು. ಎತ್ತೇ ಅಲ್ಲಿಗೆ ಹೋಗಿದೆ, ಇನ್ನು ಗಾಡಿ ಎಲ್ಲಿಗೆ ಹೋದೀತು! ಗಾಡಿ ಹೋಗುತ್ತಲೇ ಇತ್ತು. ಬಿಸಿಲಿಗೆ ತೊಗಲು ಹೊಳೆಯುತ್ತಾ, ಯಾವ ಅವಸರವೂ ಇಲ್ಲದೆ, ತೊರೆಹಟ್ಟಿಯ ಮನೆಗಳ ಮೇಲೆ ತೇಲಿ ಹೋಗುತ್ತಿತ್ತು. ಓಬಳಯ್ಯ ರುಮಾಲು ತೆಗೆದು ಕೈಯಲ್ಲಿ ಹಿಡಿದು, ಅದರಲ್ಲಿ ಏನೋ ಹುಡುಕುವವನ ಹಾಗೆ ನಿಂತ. ಅವನ ಊರು ಪೂರಾ ಮೂಗುಬಂಡೆಯ ಎಲ್ಲೆಯೊಳಗೆ ಹೋಗುತ್ತಿತ್ತಲ್ಲ! ಸೂರಪ್ಪ ಕೂತುಬಿಟ್ಟ.

ಆಗ ಬುರುಡೆ ವಾಲಿತು.

ಎಡಕ್ಕೆ ವಾಲಿತು. ಬಲಕ್ಕೆ ಅಂತ ಹೇಳುವವರೂ ಇದ್ದಾರೆ, ಅವರು ಬೆನ್ನು ಮಾಡಿ ನಿಂತಿದ್ದವರ ಮೊಮ್ಮಕ್ಕಳು. ವಾಲಿ, ದೊಡ್ಡ ಸುತ್ತು ಹೊಡೆದು, ಮೂಗನ್ನು ಮೂಡಲಿಗೆ ತಿರುಗಿಸಿತು. ಯಾಕೆ ತಿರುಗಿತು? ಹಿಂದೆ ನೆಟ್ಟ ಬಿದಿರು ಕಿವಿಗಳಲ್ಲಿ ಒಂದು ಬಿಸಿಗೆ ಬಾಗಿತ್ತು ಅಂತಾರೆ. ತೊರೆಯ ಮೇಲಿನ ಗಾಳಿ ಅಂತಾರೆ. ಒಂದು ಹದ್ದು ಬಂದು, ಇದು ಯಾವ ಹಕ್ಕಿ ಅಂತ ನೋಡಲಿಕ್ಕೆ ಸುತ್ತು ಹಾಕಿತು, ಬುರುಡೆಯೂ ಮರ್ಯಾದೆಗೆ ಒಂದು ಸುತ್ತು ಹಾಕಿತು ಅಂತಾರೆ. ನಾನು ಹದ್ದಿನ ಕಡೆಯವನು, ಆದರೆ ಆಣೆ ಹಾಕುವುದಿಲ್ಲ.

ಬುರುಡೆ ವಾಪಸ್ ಬಂತು. ಕಾವಲು ದಾಟಿ ಬಂತು. ನಡುಗಲ್ಲಿನ ಮೇಲೆ ಬಂದಾಗ ಎರಡೂ ಊರಿನವರು ಕತ್ತೆತ್ತಿ, ಅದರ ಜೊತೆಗೆ ಕತ್ತು ತಿರುಗಿಸಿ, ಹಿಂದಕ್ಕೆ ಬಾಗಿ, ಸಾಲಾಗಿ ಅಂಗಾತ ಬಿದ್ದರಂತೆ. "ಹೇ, ಹಿಡೀರೋ! ಇಳಿಸ್ರೋ!" ಅಂತ ಪಾಲಯ್ಯ ಕಂಬಳಿ ಬೀಸುತ್ತಾ ಓಡಿದ. ನಮ್ಮವರೂ ಓಡಿದರು. ಇಳಿ ಇಳಿ ಅಂತ ಬೇಡಿಕೊಂಡರು. ತೊರೆಹಟ್ಟಿಯವರು ಹೋಗು ಹೋಗು ಅಂತ ಹುರಿದುಂಬಿಸುತ್ತಾ ಹಿಂದೆ ಓಡಿದರು. ಸ್ವಲ್ಪ ಹೊತ್ತಿಗೆ ಯಾರು ಯಾವ ಊರಿನವರು, ಯಾರು ಇಳಿ ಅನ್ನಬೇಕು, ಯಾರು ಹೋಗು ಅನ್ನಬೇಕು ಅನ್ನುವುದೇ ಕಲೆಸಿಹೋಯಿತಂತೆ. ಬುರುಡೆ ಯಾರ ಮಾತೂ ಕೇಳಲಿಲ್ಲ. ಕಣ ದಾಟಿತು. ಮನೆಗಳ ಸೂರು ದಾಟಿತು. ಕೊನೆಯ ಮನೆಯನ್ನೂ ದಾಟಿ, ಊರಾಚೆಯ ತಿಪ್ಪೆಯ ಮೇಲೆ, ಕಾವಿಗೆ ಕೂರುವ ಕೋಳಿಯ ಹಾಗೆ ಮೆತ್ತಗೆ ಕೂತಿತು. ತೊಗಲು ಸಹ ಹರಿದಿರಲಿಲ್ಲ.

ಬಾಣ ಬಿದ್ದಲ್ಲಿಗೆ ಎಲ್ಲೆ. ಎಲ್ಲೆಯ ಮೂಡಲಿಗೆ ಮೂಗುಬಂಡೆ, ಪಡುವಲಿಗೆ ತೊರೆಹಟ್ಟಿ. ಈಗ ಎಲ್ಲೆ ತಿಪ್ಪೆಯ ಹತ್ತಿರ. ಹಾಗಾದರೆ ತಿಪ್ಪೆಯಿಂದಾಚೆ, ಬರೀ ಬಂಡೆ ಮತ್ತು ಕಳ್ಳಿ ಇರುವ ಜಾಗ ಮೂಗುಬಂಡೆ. ತಿಪ್ಪೆಯಿಂದೀಚೆ ಇರುವ ಮನೆ, ಕೊಟ್ಟಿಗೆ, ಬಾವಿ, ಒಲೆ, ಎಲ್ಲವೂ ತೊರೆಹಟ್ಟಿ. ಕ್ಯಾತಯ್ಯ ತನ್ನ ಬಾಣದಿಂದ ತನ್ನ ಊರನ್ನೇ ಪೂರಾ ಕೊಟ್ಟುಬಿಟ್ಟಿದ್ದ. ಕೊಳವೆ ಲೆಕ್ಕಕ್ಕಿಲ್ಲ ಅಂತ ಎರಡೂ ಕೈಯಿಂದ ಕಲ್ಲು ಮುಟ್ಟಿದವನೂ ಅವನೇ.

ಕ್ಯಾತಯ್ಯ ತಿಪ್ಪೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬುರುಡೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದನಂತೆ. ಊರು ಹೋಯಿತು ಅನ್ನುವುದು ಅವನ ತಲೆಗೆ ಇನ್ನೂ ಹೋಗಿರಲಿಲ್ಲ. ಯಾಕೆ ತಿರುಗಿತು ಅನ್ನುವುದೇ ತಲೆ ತುಂಬ. ಪಾಲಯ್ಯ ಬಂದು ಅವನ ಮುಂದೆ ನಿಂತ. ಹೋಗಿ ಮನೆಯ ಗಂಟುಮೂಟೆ ಕಟ್ಟಲು ಶುರು ಮಾಡಿದ. ಅವನನ್ನು ನೋಡಿ ಬೇರೆ ಮನೆಗಳವರೂ ಕಟ್ಟತೊಡಗಿದರು. ಹೆಂಗಸರು ಒಲೆಯ ಕಲ್ಲು ಎತ್ತುತ್ತಾ ಅತ್ತರು.

ಅಷ್ಟರಲ್ಲಿ ಓಬಳಯ್ಯ ತಮಟೆ ಬಡಿಸಿಕೊಂಡು ಊರೊಳಗೆ ಬಂದ. ಸೂರಪ್ಪ ಮುಂದೆ ಮುಂದೆ. ಓಬಳಯ್ಯ ಊರ ನಡುವೆ ನಿಂತು, ಇವತ್ತಿನಿಂದ ಇದು ತೊರೆಹಟ್ಟಿ ಅಂತ ಸಾರಿದ. ಈ ಮನೆ ತೊರೆಹಟ್ಟಿ, ಈ ಬಾವಿ ತೊರೆಹಟ್ಟಿ, ಈ ಹುಣಸೆ ಮರವೂ ತೊರೆಹಟ್ಟಿ ಅಂತ ಕೋಲಿನಿಂದ ಒಂದೊಂದನ್ನೇ ತೋರಿಸಿ ತೋರಿಸಿ ಹೇಳಿದ.

ತಿಪ್ಪಕ್ಕ ತನ್ನ ಕುರಿದೊಡ್ಡಿಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿದಳು. ಅವಳು ಗಂಟು ಕಟ್ಟಿರಲಿಲ್ಲ. ಒಂದು ಮರಿ ಅವಳ ಕಂಕುಳಲ್ಲಿತ್ತು, ಕಣ್ಣು ಮುಚ್ಚಿಕೊಂಡು, ಸತ್ತಿದೆಯೋ ಬದುಕಿದೆಯೋ ಅನ್ನುವ ಹಾಗೆ. ಅವಳು ದೊಡ್ಡಿಯ ಮುಳ್ಳು ಸರಿಸಿ, ಕುರಿಗಳನ್ನು ಹೊರಕ್ಕೆ ಬಿಟ್ಟು, ತಮಟೆಯವರ ನಡುವೆಯೇ ಹೊಡೆದುಕೊಂಡು ಪಡುವಲ ಕಡೆ ಹೊರಟಳು.

"ಏಯ್, ಎಲ್ಲಿಗಮ್ಮ?" ಅಂದ ಓಬಳಯ್ಯ.

"ಹುಲ್ಲಿಗೆ."

"ಯಾವ ಹುಲ್ಲಿಗೆ? ಅದು ತೊರೆಹಟ್ಟಿ ಹುಲ್ಲು."

"ಹ್ಞೂಂ ಕಣಪ್ಪ, ನಾವೂ ತೊರೆಹಟ್ಟಿಯೋರೇ. ಈಗ ತಾನೇ ನೀನೇ ಅಂದ್ಯಲ್ಲ, ಕೋಲು ತೋರಿಸಿ. ನನ್ನ ಮನೇನೂ ತೋರಿಸ್ದೆ, ನಾನು ದೊಡ್ಡಿ ಬಾಗಿಲಲ್ಲೇ ಇದ್ದೆ. ಊರೋರ ಕುರಿ ಊರ ಹುಲ್ಲು ತಿನ್ನದೆ ಇನ್ನೇನು ತಿಂತವೆ, ನಿನ್ನ ರುಮಾಲಾ?"

ಓಬಳಯ್ಯ ಸೂರಪ್ಪನ ಮುಖ ನೋಡಿದ. ಸೂರಪ್ಪ ಹುಣಸೆ ಮರ ನೋಡಿದ. ಇದು ಮನೆ ಮಾತ್ರ ತೊರೆಹಟ್ಟಿ, ಜನ ಅಲ್ಲ ಅಂತ ಓಬಳಯ್ಯ ತಡವರಿಸಿದ. ಹಾಗಂದರೆ ತೊರೆಹಟ್ಟಿಯ ನಿಮ್ಮ ಮನೆಯೊಳಗಿನ ಜನ ಎಲ್ಲಿಯವರು ಅಂತ ತಿಪ್ಪಕ್ಕ ಕೇಳಿದಳು. ಅವನು ಯೋಚಿಸಿದ. ಯೋಚಿಸಿದಷ್ಟೂ ಹೆಚ್ಚು ಕಲೆಸಿಹೋಯಿತು. ಹಾಗಾದರೆ ಈ ಬುರುಡೆ ಬಾಣವೇ ಅಲ್ಲ, ಇದೆಲ್ಲ ಲೆಕ್ಕಕ್ಕಿಲ್ಲ, ಆ ಕೊಳವೆಯೇ ಬಾಣ ಅಂದುಬಿಟ್ಟ.

"ಆಯ್ತು ಬಿಡು" ಅಂದಳು ತಿಪ್ಪಕ್ಕ. "ಕೊಳವೆ ನಿಮ್ಮ ಬಟ್ಟೆ ಒಗೆಯೋ ಕಲ್ಲಿನ ಹತ್ರ ಬಿದ್ದೈತೆ. ಕಾವಲು ಪೂರಾ ನಮ್ದೇ ಆಯ್ತು. ನಿನ್ನ ಕುರಿ ಕರ್ಕೊಂಡು ತೊರೆ ದಾಟು. ನಾನು ಕಾಯ್ತೀನಿ."

ಆ ಹೊತ್ತಿಗೆ ಗಂಟು ಕಟ್ಟುತ್ತಿದ್ದವರೆಲ್ಲ ಕೈ ಬಿಟ್ಟು ಸುತ್ತ ಬಂದು ನಿಂತಿದ್ದರು. ಓಬಳಯ್ಯ ಒಂದು ಕಾಲು ಮುಂದಿಟ್ಟ, ಹಿಂದೆಗೆದ. ಬುರುಡೆ ಬಾಣವಾದರೆ ಇವರು ತನ್ನ ಜನ, ಹುಲ್ಲು ಕೊಡಬೇಕು. ಕೊಳವೆ ಬಾಣವಾದರೆ ಹುಲ್ಲೇ ಇವರದು. ಮೇಲಾಗಿ ಕಲ್ಲು ಮುಟ್ಟಿ ಮಾತು ಕೊಟ್ಟ ನಾಲಿಗೆ, ಬಾಯೊಳಗೆ ಈಗಾಗಲೇ ಸಡಿಲವಾದ ಹಾಗೆ ಅನ್ನಿಸಿ, ಅವನು ಬೆರಳು ಹಾಕಿ ಮುಟ್ಟಿ ನೋಡಿಕೊಂಡನಂತೆ. ಆಮೇಲೆ ಹುಣಸೆ ಮರದ ಬುಡದಲ್ಲಿ ಕೂತು ಕುಡಿಯಲು ನೀರು ಕೇಳಿದ. ಪಾಲಯ್ಯ ತಂದುಕೊಟ್ಟ. ಕುಡಿದು, "ಪಾಲಣ್ಣ, ನಾನು ಈಗ ಗೆದ್ದೆನೋ ಸೋತೆನೋ?" ಅಂತ ಕೇಳಿದ.

"ನಂಗೂ ಅದೇ ಗೊತ್ತಾಗ್ತಿಲ್ಲ ಕಣಣ್ಣ" ಅಂದ ಪಾಲಯ್ಯ, ಪಕ್ಕದಲ್ಲಿ ಕೂತು.

ತಿಪ್ಪಕ್ಕ ಅವರ ಮಾತು ಮುಗಿಯಲಿ ಅಂತ ಕಾಯಲಿಲ್ಲ. ಕುರಿಗಳು ಆಗಲೇ ನಡುಗಲ್ಲು ದಾಟಿದ್ದವು. ಬೇರೆಯವರೂ ದೊಡ್ಡಿ ಬಿಚ್ಚಿದರು. ಆ ಸಂಜೆ ಕಾವಲಿನಲ್ಲಿ ಎರಡೂ ಊರಿನ ಕುರಿ ಸೇರಿ ಮೇಯ್ದವು. ಅವುಗಳನ್ನು ಬೇರೆ ಮಾಡಲು ಹೋದವರು ಯಾವುದು ಯಾರದು ಅಂತ ತಿಳಿಯದೆ, ಕೈಗೆ ಸಿಕ್ಕಿದಷ್ಟು ಹೊಡೆದುಕೊಂಡು ಹೋದರಂತೆ. ಕಂಕುಳಲ್ಲಿದ್ದ ಮರಿಯನ್ನು ತಿಪ್ಪಕ್ಕ ತೊರೆಹಟ್ಟಿಯ ಯಾವುದೋ ಈದ ಕುರಿಯ ಕೆಚ್ಚಲಿಗೆ ಹಿಡಿದಳು. ಅದು ಕುಡಿಯಿತು. ಆ ಮರಿ ಮುಂದೆ ಎಷ್ಟು ದೊಡ್ಡ ಟಗರಾಯಿತು ಅಂದರೆ ಅದರ ನೆರಳಲ್ಲಿ ಒಂದು ಮದುವೆ ಆಯಿತಂತೆ.

ಮರುವರ್ಷ ತೊರೆಹಟ್ಟಿಯವರ ಸರದಿ. ಸೂರಪ್ಪ ನಡುಗಲ್ಲಿಗೆ ಬಂದ. ಬಾಣ ತಂದಿರಲಿಲ್ಲ. ಯಾವ ಕಡೆಗೆ ಹಾರಿಸಲಿ ಅಂತ ಕೇಳಿದ. ಎರಡೂ ಕಡೆ ತೊರೆಹಟ್ಟಿಯೇ ಇತ್ತಲ್ಲ. ಆ ವರ್ಷ ಬಾಣ ಹಾರಲಿಲ್ಲ, ಎಲ್ಲೆಯೂ ಬೀಳಲಿಲ್ಲ. ಆಮೇಲೂ ಬೀಳಲಿಲ್ಲ. ಸೂರಪ್ಪ ಅಲ್ಲಿಂದ ನೆಟ್ಟಗೆ ಕ್ಯಾತಯ್ಯನ ಹಿತ್ತಲಿಗೆ ಹೋದ. "ಒಂದು ಬುರುಡೆ ಕೊಡು ನೋಡಾನ" ಅಂದ. ಇಬ್ಬರೂ ಸೇರಿ ಸಾಯುವವರೆಗೂ ಬುರುಡೆ ಹಾರಿಸಿದರಂತೆ. ಕಿವಿ ಬಗ್ಗಿಸಿದರು, ನೆಟ್ಟಗೆ ಮಾಡಿದರು. ಗಾಳಿ ಇದ್ದಾಗ ಬಿಟ್ಟರು, ಇಲ್ಲದಾಗ ಬಿಟ್ಟರು. ಹದ್ದಿಗೆ ಮಾಂಸ ಹಾಕಿ ಕರೆದೂ ನೋಡಿದರು. ಹೋದವು ಹೋದವು, ಬಿದ್ದವು ಬಿದ್ದವು, ಆದರೆ ಒಂದೇ ಒಂದು ಬುರುಡೆಯೂ ಆವತ್ತಿನ ಹಾಗೆ ತಿರುಗಿ ಬರಲಿಲ್ಲ. ಯಾಕೆ ತಿರುಗಿತು ಅಂತ ಕ್ಯಾತಯ್ಯನಿಗೆ ಕೊನೆಗೂ ತಿಳಿಯಲಿಲ್ಲ. ಸಾಯುವಾಗ ಅವನು ಸೂರಪ್ಪನ ಕೈ ಹಿಡಿದು ಏನೋ ಹೇಳಿದನಂತೆ. ಸೂರಪ್ಪ ಹೊರಗೆ ಬಂದು, ನನಗೆ ಸರಿಯಾಗಿ ಕೇಳಿಸಲಿಲ್ಲ ಅಂದನಂತೆ.

ಈಗಲೂ ಮುಂಗಾರಿಗೆ ಮುಂಚೆ ನಾವು ನಡುಗಲ್ಲಿನಲ್ಲಿ ಸೇರುತ್ತೇವೆ. ಸೋರೆ ಸೀಳಿ, ತೊಗಲು ಬಿಗಿದು, ಕಿವಿ ನೆಟ್ಟು, ಕ್ಯಾತಯ್ಯನ ಹೆಸರಲ್ಲಿ ಒಂದು ಬುರುಡೆ ಹಾರಿಸುತ್ತೇವೆ. ಬತ್ತಿ ಹಚ್ಚುವವನು ಕಣ್ಣು ಮುಚ್ಚಿ ಏಣಿಯನ್ನು ಸುತ್ತ ತಿರುಗಿಸಿ, ಯಾವ ದಿಕ್ಕು ಅಂತ ನೋಡದೆ ಹಚ್ಚಬೇಕು. ಬುರುಡೆ ಯಾರ ಮನೆಯ ಹತ್ತಿರ ಇಳಿಯುತ್ತದೋ ಆ ಮನೆಯವರು ಆ ದಿನಕ್ಕೆ ಆಚೆ ಊರಿನವರು ಅಂತ ಲೆಕ್ಕ. ಅವರು ಒಲೆ ಹಚ್ಚುವ ಹಾಗಿಲ್ಲ. ಮನೆಮಂದಿಯೆಲ್ಲ ಕಾವಲು ದಾಟಿ ಆಚೆ ಊರಿಗೆ ಹೋಗಬೇಕು. ಅಲ್ಲಿ ಯಾವ ಮನೆಯ ಬಾಗಿಲಲ್ಲಿ ನಿಂತರೂ, ನೀವು ಯಾರು ಅಂತ ಕೇಳದೆ ತಟ್ಟೆ ಇಡುತ್ತಾರೆ.

ಹೋದ ವರ್ಷ ಬುರುಡೆ ನಮ್ಮ ಮನೆಯ ಜಗಲಿಯ ಮೇಲೆ ಇಳಿಯಿತು. ಈ ಸೀಮೆಯಲ್ಲಿ ಅಷ್ಟು ಅಂದವಾಗಿ ಇಳಿದ ಬುರುಡೆ ಇನ್ನೊಂದಿಲ್ಲ. ನಾವು ಬಾಗಿಲು ಹಾಕಿಕೊಂಡು ಹೋದೆವು. ಗುರುತಿಲ್ಲದ ಒಬ್ಬಳು ಮುದುಕಿ ನನಗೆ ಮುದ್ದೆ ಇಟ್ಟು, ಸಾರು ಬಡಿಸಿ, "ಇಷ್ಟು ದಿನ ಎಲ್ಲಿಗೆ ಹೋಗಿದ್ಯಪ್ಪ?" ಅಂದಳು. ಅದು ಅಲ್ಲಿಯ ವಾಡಿಕೆಯ ಮಾತು, ಎಲ್ಲರಿಗೂ ಹಾಗೇ ಕೇಳುತ್ತಾರೆ. ನಾನು ಬಾಯಿ ಜೋರಿನವನು, ಎಂಥವರಿಗೂ ಉತ್ತರ ಕೊಡುವವನು. ಆವತ್ತು ಮುದ್ದೆ ಮುರಿದು ಕೈಯಲ್ಲಿ ಹಿಡಿದುಕೊಂಡು ಕೂತೆ.